ಕಾಲುವೆ ಕೆಲಸ ಮುಗಿದ ಮೇಲೆ ಬಂದವರು: ‘ಅಕ್ಕಿ ಮೂಟೆ’ ಅನ್ನೋರಿಗೆ ಒಂದಿಷ್ಟು ಚರಿತ್ರೆ

ಜೈ ಭೀಮ್. ಯೇಸುವಿನ ನಾಮದಲ್ಲಿ ವಂದನೆ. ಇವೆರಡನ್ನೂ ಒಂದೇ ಉಸಿರಲ್ಲಿ ಹೇಳಿದ್ರೆ ಕೆಲವರಿಗೆ ಗಂಟಲಲ್ಲಿ ಮುಳ್ಳು ಸಿಕ್ಕಂಗೆ ಆಗುತ್ತೆ. ಆಗ್ಲಿ ಬಿಡಿ.

2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗುವ ಹೊತ್ತಿಗೆ ಆದ ಗಲಾಟೆ ನಿಮಗೆ ನೆನಪಿರಬೇಕು. ಜಾತಿ ಪಟ್ಟಿಯಲ್ಲಿ ಮಾದಿಗ ಕ್ರೈಸ್ತ, ಹೊಲೆಯ ಕ್ರೈಸ್ತ ಅನ್ನೋ ಹೆಸರು ಕಂಡಿದ್ದೇ ತಡ, ಇದು ಮತಾಂತರಕ್ಕೆ ಕುಮ್ಮಕ್ಕು ಅಂತ ಬೊಬ್ಬೆ ಎದ್ದಿತು. ಕುರುಬ ಕ್ರೈಸ್ತ, ಒಕ್ಕಲಿಗ ಕ್ರೈಸ್ತ, ಬ್ರಾಹ್ಮಣ ಕ್ರೈಸ್ತ ಅಂತಾನೂ ಪಟ್ಟಿಯಲ್ಲಿತ್ತು. ಒತ್ತಡ ಬಂದ ಮೇಲೆ ಕ್ರೈಸ್ತ ಅಂತ ಸೇರಿಸಿದ್ದ 33 ಹೆಸರುಗಳನ್ನು ಆಯೋಗ ಪಟ್ಟಿಯಿಂದ ಕೈಬಿಟ್ಟಿತು, ಬೇಕಾದವರು ತಾವೇ ಹೇಳಿ ಬರೆಸಬಹುದು ಅಂದಿತು.

ಆಗ ನನ್ನ ಗೋಡೆಯ ಮೇಲೆ ಬಂದ ಕಾಮೆಂಟುಗಳಲ್ಲಿ ಎರಡೇ ಮಾತು. ಒಂದು, ಕ್ರೈಸ್ತನಾದ ಮೇಲೆ ನಿಂಗೆಲ್ಲಿಯ ಜಾತಿ? ಇನ್ನೊಂದು, ನಿಮ್ಮಜ್ಜ ಅಕ್ಕಿ ಮೂಟೆಗೆ ದೇವರನ್ನ ಮಾರಿದ. ಎರಡನೇದಕ್ಕೆ ಮೊದಲು ಉತ್ತರ ಕೊಡ್ತೀನಿ, ಯಾಕಂದ್ರೆ ಅದು ನನ್ನ ಹಿರಿಯರ ಮಾನದ ಪ್ರಶ್ನೆ.

ಆಂಧ್ರದ ಒಂಗೋಲು ಕಡೆ ಯರ್ರಗುಂಟ್ಲ ಪೇರಯ್ಯ ಅಂತ ಒಬ್ಬ ಮಾದಿಗ ಇದ್ದ. ಚರ್ಮದ ವ್ಯಾಪಾರಿ. ಆತ ಮೊದಲೇ ಯೋಗ ಕಲಿತವನು, ಜನರಿಗೆ ಗುರುವಿನಂತಿದ್ದವನು. ವ್ಯಾಪಾರಕ್ಕೆ ಅಂತ ಊರು ಬಿಟ್ಟು ಹೋದಾಗ ಯೇಸುವಿನ ವಿಷಯ ಅವನ ಕಿವಿಗೆ ಬಿತ್ತು. ಕೇಳಿದ, ಯೋಚಿಸಿದ, ಹುಡುಕಿಕೊಂಡು ಹೋಗಿ 1866ರಲ್ಲಿ ಹೆಂಡತಿ ಜೊತೆ ದೀಕ್ಷಾಸ್ನಾನ ಪಡೆದ. ಪಾದ್ರಿ ಅವನನ್ನು ಹುಡುಕಲಿಲ್ಲ, ಅವನೇ ಪಾದ್ರಿಯನ್ನು ಹುಡುಕಿದ. ವಾಪಸ್ ಬಂದು ತನ್ನ ಕೇರಿಯವರಿಗೆ, ನೆಂಟರಿಷ್ಟರಿಗೆ ಹೇಳಿದ. ಮಾದಿಗ ಕೇರಿಗಳಿಗೆ ಆ ಮಾತು ಹಬ್ಬಿದ್ದು ಹೀಗೆ, ನಮ್ಮ ಬೀಗತನದ ದಾರಿಯಲ್ಲಿ.

ಅದೇ ವರ್ಷ ಜಾನ್ ಕ್ಲೌ ಅನ್ನೋ ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ಒಂಗೋಲಿಗೆ ಬಂದ. ಮೇಲ್ಜಾತಿಯವರೂ ಅವನ ಮಾತು ಕೇಳ್ತಿದ್ರು, ಮಕ್ಕಳನ್ನ ಶಾಲೆಗೆ ಕಳಿಸ್ತಿದ್ರು. ಆದರೆ ಮಾದಿಗರನ್ನು ಸೇರಿಸಿಕೊಂಡರೆ ನಾವು ಬರಲ್ಲ ಅಂತ ಖಡಾಖಂಡಿತ ಹೇಳಿದ್ರು. ಕ್ಲೌ ಗೊಂದಲಕ್ಕೆ ಬಿದ್ದ. ಬೈಬಲ್ ತೆರೆದಾಗ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮೊದಲ ಅಧ್ಯಾಯ ಸಿಕ್ಕಿತು, ಅವನ ಹೆಂಡತಿಗೂ ಬೇರೆ ಕಡೆ ಕೂತು ಓದುವಾಗ ಅದೇ ಭಾಗ ಸಿಕ್ಕಿತು ಅಂತ ಆಮೇಲೆ ಬರೆದುಕೊಂಡಿದ್ದಾನೆ. ಲೋಕ ಕೀಳು ಅಂದವರನ್ನೇ ದೇವರು ಆರಿಸಿಕೊಂಡ ಅನ್ನೋ ಭಾಗ ಅದು. ಮಾದಿಗರನ್ನು ಒಳಗೆ ಕರೆದ. ಮೇಲ್ಜಾತಿಯವರು ಹೊರಟರು.

ಈಗ ಅಕ್ಕಿ ಮೂಟೆಗೆ ಬರೋಣ. 1876ರಿಂದ 78ರವರೆಗೆ ಭೀಕರ ಬರ. ನಮ್ಮ ಬಳ್ಳಾರಿ ಸೀಮೆಯನ್ನೂ ಹಿಂಡಿ ಹಾಕಿದ ಬರವೇ ಅದು. ಸರ್ಕಾರ ಬಕಿಂಗ್‌ಹ್ಯಾಮ್ ಕಾಲುವೆ ತೋಡಿಸುತ್ತಿತ್ತು. ಕ್ಲೌ ಅದರಲ್ಲಿ ಮೂರು ಮೈಲಿಗೂ ಹೆಚ್ಚು ಭಾಗದ ಗುತ್ತಿಗೆ ಹಿಡಿದು ಸಾವಿರಾರು ಜನರಿಗೆ ಕೂಲಿ ಕೊಟ್ಟ. ಪೇರಯ್ಯನಂಥ ಬೋಧಕರು ಆ ಕೂಲಿಗಳ ಮಧ್ಯೆಯೇ ಇದ್ದರು. ದೀಕ್ಷೆ ಕೊಡಿ ಅಂತ ಜನ ದುಂಬಾಲು ಬಿದ್ದರು. ಕ್ಲೌ ಕೊಡಲಿಲ್ಲ. ಬರ ಇರೋವರೆಗೂ ಒಬ್ಬರಿಗೂ ಇಲ್ಲ ಅಂದ. ಅನ್ನಕ್ಕೋಸ್ಕರ ಬಂದರು ಅನ್ನೋ ಮಾತು ಬರಬಾರದು ಅನ್ನೋ ಎಚ್ಚರ ಅವನಿಗಿತ್ತು. ಕಾಲುವೆ ಕೆಲಸ ಮುಗೀತು, ಇನ್ನು ನನ್ನ ಹತ್ತಿರ ದುಡ್ಡಿಲ್ಲ ಅಂತ ತಿಳಿಸಿದ ಮೇಲೂ ಜನ ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ವರ್ಷ ಮುಗಿಯೋದರೊಳಗೆ 9 ಸಾವಿರ ದಾಟಿತು.

ಅಕ್ಕಿ ಇದ್ದಾಗ ದೀಕ್ಷೆ ಇಲ್ಲ. ದೀಕ್ಷೆ ಸಿಕ್ಕಾಗ ಅಕ್ಕಿ ಇಲ್ಲ. ಸತ್ತ ದನದ ಮಾಂಸ ತಿನ್ನಲ್ಲ, ಭಾನುವಾರ ಗೇಯಲ್ಲ, ಊರಹಬ್ಬಕ್ಕೆ ಹಲಗೆ ಬಡಿಯಲ್ಲ ಅಂತ ಈ ಜನ ನಿಂತಾಗ ಊರ ರೆಡ್ಡಿ, ಕರಣರಿಂದ ಸಿಕ್ಕಿದ್ದು ಏಟು ಮತ್ತು ಬಹಿಷ್ಕಾರ. ಹಲಗೆ ಕೆಳಗಿಡೋದು ಅಂದ್ರೆ ಏನು ಅಂತ ನಮ್ಮ ಬೀದರ್, ರಾಯಚೂರು ಕಡೆಯ ಮೆಥೋಡಿಸ್ಟ್ ಸಭೆಗಳಲ್ಲಿ ಕೂರುವ ಮಾದಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಇದನ್ನ ಪಕ್ಕದಲ್ಲಿಟ್ಟುಕೊಂಡು ಕರ್ನಾಟಕದ 2022ರ ಮತಾಂತರ ಕಾಯ್ದೆ ಓದಿ. ಯಾರನ್ನು ಮತಾಂತರ ಮಾಡಿದ್ರೆ ಹೆಚ್ಚು ಶಿಕ್ಷೆ? ಅಪ್ರಾಪ್ತರು, ಬುದ್ಧಿ ಸ್ಥಿಮಿತ ಇಲ್ಲದವರು, ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು. ಒಂದೇ ಸಾಲು! ಅಂದ್ರೆ ನಾನು ಐವತ್ತಾದ್ರೂ ಮಗುವೇ. ಪೇರಯ್ಯನಿಗೆ ಇದ್ದ ಬುದ್ಧಿ ನನಗಿಲ್ಲ ಅಂತ ಕಾನೂನೇ ತೀರ್ಮಾನಿಸಿಬಿಟ್ಟಿತು. ಈ ಕಾಯ್ದೆ ವಾಪಸ್ ಪಡೀತೀವಿ ಅಂತ 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ನಿರ್ಧರಿಸಿದಾಗ ನಮ್ಮವರೇ ಕೆಲವರು ಪಟಾಕಿ ಹೊಡೆದ್ರು. ಆದರೆ ಆ ಸಾಲಿನ ಹಿಂದಿರೋ ಮನಸ್ಸನ್ನ ಯಾವ ಸಂಪುಟ ವಾಪಸ್ ಪಡೆಯುತ್ತೆ?

ಇನ್ನು ಮೊದಲನೇ ಪ್ರಶ್ನೆ. ಕ್ರೈಸ್ತನಿಗೆ ಜಾತಿ ಎಲ್ಲಿಯದು?

ಬ್ರಿಟಿಷರು ಕ್ರೈಸ್ತರನ್ನ ಮುದ್ದು ಮಾಡಿದ್ರು ಅಂತ ನಂಬಿದವರಿಗೆ ಗೊತ್ತಿರಲಿ: ಭಾರತೀಯ ಕ್ರೈಸ್ತರು ಯಾರೂ ಪರಿಶಿಷ್ಟ ಜಾತಿಗೆ ಸೇರಿದವರಲ್ಲ ಅಂತ 1936ರಲ್ಲಿ ಆದೇಶ ಹೊರಡಿಸಿದ್ದೇ ಅವರು. ಸ್ವತಂತ್ರ ಭಾರತದ 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಅದನ್ನು ಮುಂದುವರಿಸಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಅವರಿಗೆ ಸಿಕ್ಕಿದ್ದಕ್ಕೆ ನನಗೆ ಸಂತೋಷವೇ, ಅದು ಹೋರಾಡಿ ಪಡೆದದ್ದು. ಕ್ರೈಸ್ತರಿಗೆ, ಮುಸ್ಲಿಮರಿಗೆ ಮಾತ್ರ ಚಿಲಕ ಹಾಗೇ ಉಳೀತು.

ಸೂಸೈ ಪ್ರಕರಣ ಎಷ್ಟು ಜನಕ್ಕೆ ಗೊತ್ತು? ಮದ್ರಾಸಿನ ರಸ್ತೆ ಬದಿ ಕೂತು ಚಪ್ಪಲಿ ಹೊಲಿಯುತ್ತಿದ್ದ ಆದಿ ದ್ರಾವಿಡ ಕ್ರೈಸ್ತ. 1982ರಲ್ಲಿ ಸರ್ಕಾರ ಚಮ್ಮಾರರಿಗೆ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು. ಅದೇ ಕಸುಬಿನ ಹಿಂದೂಗಳಿಗೆ ಸಿಕ್ಕಿತು, ಸೂಸೈಗೆ ಇಲ್ಲ. ಸುಪ್ರೀಂ ಕೋರ್ಟಿಗೆ ಹೋದ. ಅದೇ ಬಿಸಿಲು, ಅದೇ ಉಳಿ, ಅದೇ ಜಾತಿ. 1985ರಲ್ಲಿ ಕೋರ್ಟ್ ಹೇಳಿದ್ದು: ಮತ ಬದಲಾಯಿಸಿದ ಮೇಲೂ ಜಾತಿಯ ಸಂಕಷ್ಟ ಅಷ್ಟೇ ತೀವ್ರವಾಗಿ ಮುಂದುವರಿದಿದೆ ಅನ್ನೋದಕ್ಕೆ ಸಾಕಷ್ಟು ಅಧಿಕೃತ ಪುರಾವೆ ನಮ್ಮ ಮುಂದಿಲ್ಲ.

ಆಮೇಲೆ ಪುರಾವೆ ಬರಲಿಲ್ವಾ? ಬಂತು. ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಆ ಮೂರನೇ ಪ್ಯಾರಾ ತೆಗೆದುಹಾಕಿ ಅಂತ ಶಿಫಾರಸು ಮಾಡಿತು. ಅದನ್ನ ಒಪ್ಪದೆ, 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ಮಾಡಿದ್ರು. ಈ ಮಧ್ಯೆ 2025ರಲ್ಲಿ ಆಂಧ್ರ ಹೈಕೋರ್ಟು, ಮತಾಂತರವಾಗಿ ಪಾಸ್ಟರ್ ಆದವನಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲ ಅಂತ ತೀರ್ಪು ಕೊಟ್ಟಿತು. ಪೇರಯ್ಯ ಓಡಾಡಿದ ಅದೇ ಆಂಧ್ರ. ಬೈಯೋನಿಗೆ ಜಾತಿ ಹಿಡಿದು ಬೈಯೋದು ಮರೆತಿಲ್ಲ, ಬೈಸಿಕೊಂಡವನಿಗೆ ಮಾತ್ರ ಜಾತಿ ಇಲ್ಲವಂತೆ.

ಸರ್ಕಾರವನ್ನಷ್ಟೇ ಬೈದು ಮುಗಿಸಿದರೆ ಅರ್ಧ ಸತ್ಯ ಆಗುತ್ತೆ. ನಮ್ಮ ಬಿಷಪ್ಪರೂ, ಅಯ್ಯನವರೂ ಇದನ್ನ ಓದಲಿ. ತಮಿಳುನಾಡಿನ ವಡಕ್ಕನ್‌ಕುಳಂ ಚರ್ಚನ್ನು ಕಟ್ಟುವಾಗಲೇ ಎರಡು ಜಾತಿಗೆ ಎರಡು ಸಾಲು ಬರುವ ಹಾಗೆ ಕಟ್ಟಿದ್ರು, ನಡುವಿನ ಗೋಡೆ ಬಿದ್ದದ್ದು 1910ರಲ್ಲಿ. ತಿರುಚ್ಚಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ಸತ್ತ ದಲಿತರಿಗೂ ಮೇಲ್ಜಾತಿಯವರಿಗೂ ಮಧ್ಯೆ ಗೋಡೆ ಕಟ್ಟಿದ್ರು. ಮಣ್ಣಾದ ಮೇಲೂ ಮಡಿ! ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನ ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ಲಿಖಿತ ನೀತಿಯಲ್ಲಿ ಒಪ್ಪಿಕೊಂಡದ್ದು 2016ರಲ್ಲಿ. ದಲಿತನೊಬ್ಬ ಕಾರ್ಡಿನಲ್ ಆಗೋದಕ್ಕೆ 2022ರವರೆಗೆ ಕಾಯಬೇಕಾಯ್ತು, ಹೈದರಾಬಾದಿನ ಆಂತೋಣಿ ಪೂಲಾ. ಕ್ರೈಸ್ತರೊಳಗಿನ ಅಸ್ಪೃಶ್ಯರ ಪಾಡನ್ನು ಬಾಬಾಸಾಹೇಬರು ಆಗಲೇ ಕಟುವಾಗಿ ಬರೆದಿದ್ದರು. ನಮ್ಮ ಎಷ್ಟು ವೇದಶಾಸ್ತ್ರ ಕಾಲೇಜುಗಳಲ್ಲಿ ಅದನ್ನ ಓದಿಸ್ತಾರೆ?

ಸಮೀಕ್ಷೆಯ ಹೊತ್ತಲ್ಲಿ ಕೆಲವು ಸಭೆಗಳಲ್ಲಿ ಕ್ರೈಸ್ತ ಅಂತ ಮಾತ್ರ ಬರೆಸಿ, ಜಾತಿ ಹೇಳೋದು ಪಾಪ ಅಂತ ವೇದಿಕೆ ಮೇಲಿಂದ ಹೇಳಿದ್ದನ್ನ ಕೇಳಿದ್ದೀನಿ. ಅಣ್ಣಾ, ಮಗಳಿಗೆ ಗಂಡು ಹುಡುಕುವಾಗ ಆ ಪಾಪ ಎಲ್ಲಿಗೆ ಹೋಗಿರುತ್ತೆ? ನಾನು ಮಾದಿಗ ಕ್ರೈಸ್ತ ಅಂತ ಬರೆಸಿದೆ. ಪಟ್ಟಿಯಲ್ಲಿ ಇರಲಿಲ್ಲ, ಹೇಳಿ ಬರೆಸಿದೆ.

ಕೋರ್ಟು ಸೂಸೈ ಹತ್ತಿರ ಕೇಳಿದ್ದು ಪುರಾವೆ. ಅದು ನಮ್ಮ ಹತ್ತಿರಾನೇ ಬಿದ್ದಿದೆ. ನಿಮ್ಮೂರಿನ ಹಳೇ ಸಭೆಯ ದೀಕ್ಷಾಸ್ನಾನದ ರಿಜಿಸ್ಟರ್‌ನಲ್ಲಿ ಜಾತಿ ಬರೆದಿದ್ದರೆ ಆ ಪುಟದ ಫೋಟೋ ತೆಗೆಯಿರಿ, ಹೆಸರು ಮುಚ್ಚಿ. ಸ್ಮಶಾನ ಬೇರೆ ಇದ್ದರೆ ಅದರದ್ದೂ. ಹೋಟೆಲಲ್ಲಿ ಬೇರೆ ಲೋಟ, ಕಟಿಂಗ್ ಅಂಗಡಿಯಲ್ಲಿ ಇಲ್ಲ ಅಂದದ್ದು, ಪೊಲೀಸ್ ಠಾಣೆಯಲ್ಲಿ ನೀವು ಕ್ರೈಸ್ತರಲ್ವಾ ಅಂತ ವಾಪಸ್ ಕಳಿಸಿದ್ದು, ದಿನಾಂಕ ಹಾಕಿ ಬರೆದಿಡಿ. ಇನ್‌ಬಾಕ್ಸಿಗೆ ಕಳಿಸಿ, ಒಟ್ಟು ಮಾಡಿ ಬಾಲಕೃಷ್ಣನ್ ಆಯೋಗಕ್ಕೆ ರಿಜಿಸ್ಟರ್ಡ್ ಪೋಸ್ಟಲ್ಲಿ ಹಾಕೋಣ.