ಆಂಟೆನಾ ಅಳವಡಿಸಲು ಬಕೆಟ್ ಟ್ರಕ್ಕೋ, ಬೂಮ್ ಲಿಫ್ಟೋ? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರಿಗೊಂದು ಮಾರ್ಗದರ್ಶಿ

ಮೂರಂತಸ್ತಿನ ಕಟ್ಟಡದ ಅಂಚಿಗೆ ಇಂಟರ್ನೆಟ್ ಡಿಶ್ ಕೂರಿಸಬೇಕು, ಇಲ್ಲವೇ ಬೀದಿ ಬದಿಯ ಕಂಬಕ್ಕೆ ವೈಫೈ ಆಂಟೆನಾ ಕಟ್ಟಬೇಕು. ಆಗ ಎಲ್ಲರೂ ಮೊದಲು ಕೇಳುವುದು "ಗಾಡಿ ಎಷ್ಟು ಅಡಿ ಏರುತ್ತದೆ?" ಎಂದು. ನಿಜಕ್ಕೂ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಹತ್ತಿರ ವಿದ್ಯುತ್ ತಂತಿ ಇದೆಯೇ, ಗಾಡಿ ನಿಲ್ಲುವ ನೆಲ ಗಟ್ಟಿಯೇ, ಗಾಳಿ ಎಷ್ಟಿದೆ ಎಂಬ ಮೂರು ಸಂಗತಿಗಳೇ ಯಂತ್ರವನ್ನು ನಿರ್ಧರಿಸುತ್ತವೆ.

ಎರಡಕ್ಕೂ ಏನು ವ್ಯತ್ಯಾಸ?

ಬಕೆಟ್ ಟ್ರಕ್ ಎಂದರೆ ಲಾರಿಯ ಮೇಲೆ ಕೂರಿಸಿದ ಉದ್ದನೆಯ ತೋಳು, ಅದರ ತುದಿಯಲ್ಲಿ ಒಬ್ಬಿಬ್ಬರು ನಿಲ್ಲುವ ತೊಟ್ಟಿ. ರಸ್ತೆಯಲ್ಲಿ ತಾನೇ ಓಡುತ್ತದೆ. ಕೆಲಸದ ಜಾಗದಲ್ಲಿ ಕಬ್ಬಿಣದ ಕಾಲುಗಳನ್ನು ನೆಲಕ್ಕೂರಿ ನಿಲ್ಲುತ್ತದೆ. ಬೂಮ್ ಲಿಫ್ಟ್ ಪ್ರತ್ಯೇಕ ಯಂತ್ರ. ಗಂಟೆಗೆ ಐದಾರು ಕಿಲೋಮೀಟರಷ್ಟೇ ಚಲಿಸುವುದರಿಂದ ಅದನ್ನು ಟ್ರೇಲರ್ ಮೇಲೆ ಹೇರಿ ತರಬೇಕು.

ಹಾವೇರಿ ಮತ್ತು ರಾಣೆಬೆನ್ನೂರು ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ. ಬ್ಯಾಡಗಿಗೆ ಮೋಟೆಬೆನ್ನೂರಿನ ಬಳಿ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಒಂದೇ ದಿನ ಮೂರೂ ಊರುಗಳಲ್ಲಿ ಚಿಕ್ಕಪುಟ್ಟ ಕೆಲಸವಿದ್ದರೆ ಬಕೆಟ್ ಟ್ರಕ್ ಸರಿ. ಒಂದೇ ಗೋದಾಮು ಅಥವಾ ಕೋಲ್ಡ್ ಸ್ಟೋರೇಜ್ ಸುತ್ತ ಎರಡು ಮೂರು ದಿನದ ಕೆಲಸವಿದ್ದರೆ, ಮುಂದಿನ ಶೆಡ್ಡನ್ನು ದಾಟಿ ಹಿಂದಕ್ಕೆ ಚಾಚಬೇಕಿದ್ದರೆ, ಮಡಚುವ ತೋಳಿನ ಬೂಮ್ ಲಿಫ್ಟ್ ಅನುಕೂಲ.

ಎತ್ತರದ ಲೆಕ್ಕ

"ವರ್ಕಿಂಗ್ ಹೈಟ್" ಎಂದು ಬರೆದಿರುವುದು ತೊಟ್ಟಿಯ ಎತ್ತರವಲ್ಲ. ತೊಟ್ಟಿಯ ತಳದ ಎತ್ತರಕ್ಕೆ, ಕೆಲಸಗಾರನ ಕೈ ಎಟಕುವ ಸುಮಾರು 2 ಮೀಟರ್ ಸೇರಿಸಿ ಆ ಸಂಖ್ಯೆ ಕೊಡುತ್ತಾರೆ. ಅಲ್ಲದೆ ಗರಿಷ್ಠ ಎತ್ತರ ಮತ್ತು ಗರಿಷ್ಠ ಅಡ್ಡ ಚಾಚು ಒಟ್ಟಿಗೆ ಸಿಗುವುದಿಲ್ಲ. ಕಟ್ಟಡದ ಮುಂದೆ ಗಟಾರ, ಕಾಂಪೌಂಡ್ ಇದ್ದು ಗಾಡಿ 5 ಮೀಟರ್ ದೂರ ನಿಲ್ಲಬೇಕಾದರೆ, ಆ ದೂರದಲ್ಲಿ ಎಷ್ಟು ಎತ್ತರ ಸಿಗುತ್ತದೆ ಎಂಬುದನ್ನು ಯಂತ್ರದ ಚಾರ್ಟ್‌ನಲ್ಲೇ ನೋಡಬೇಕು.

ತೂಕಕ್ಕೂ ಮಿತಿಯಿದೆ. ಅನೇಕ ಬೂಮ್ ಲಿಫ್ಟ್‌ಗಳ ಮಿತಿ ಸುಮಾರು 227 ಕಿಲೋ. ಇಬ್ಬರು ಮನುಷ್ಯರು, ಉಪಕರಣ, ಕೇಬಲ್, ಕ್ಲಾಂಪ್, ಆಂಟೆನಾ ಎಲ್ಲವೂ ಇದರೊಳಗೇ ಬರಬೇಕು.

ನೆಲ: ಎರೆ ಮಣ್ಣಿನ ಎಚ್ಚರ

ತೋಳು ಒಂದು ಬದಿಗೆ ಚಾಚಿದಾಗ ಗಾಡಿಯ ಭಾರದ ಬಹುಪಾಲು ಆ ಬದಿಯ ಒಂದೇ ಕಾಲಿನ ಮೇಲೆ ಬೀಳಬಹುದು. 4 ಟನ್ ಭಾರ 30 ಸೆಂ.ಮೀ. ಚೌಕದ ತಟ್ಟೆಯ ಮೇಲೆ ಬಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 4.4 ಕಿಲೋ ಒತ್ತಡ. ಅಡಿಗೆ 60 ಸೆಂ.ಮೀ. ಚೌಕದ ಗಟ್ಟಿ ಹಲಗೆ ಕೊಟ್ಟರೆ ಅದು 1.1 ಕಿಲೋಗೆ ಇಳಿಯುತ್ತದೆ. ಮಳೆಗಾಲದಲ್ಲಿ ನೆನೆದ ಎರೆ ಮಣ್ಣು ಇಷ್ಟನ್ನೂ ತಡೆದೀತೆಂಬ ಖಾತ್ರಿಯಿಲ್ಲ. ಬೇಸಿಗೆಯಲ್ಲಿ ಅದೇ ಮಣ್ಣು ಮೇಲೆ ಕಲ್ಲಿನಂತೆ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಗಟಾರದ ಮೇಲಿನ ಚಪ್ಪಡಿ ಕಲ್ಲಿನ ಮೇಲಂತೂ ಕಾಲು ಊರಲೇಬಾರದು.

ಗಾಳಿ

ಬಹುತೇಕ ಬೂಮ್ ಲಿಫ್ಟ್‌ಗಳನ್ನು ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿ.ಮೀ. ಗಾಳಿಯವರೆಗೆ ಮಾತ್ರ ಬಳಸಬಹುದು. ಈ ವೇಗದಲ್ಲಿ 1.2 ಮೀಟರ್ ಅಗಲದ ಡಿಶ್ ಮೇಲೆ ಸುಮಾರು 14 ಕಿಲೋ ತೂಕದಷ್ಟು ತಳ್ಳು ಬೀಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳು ನಾಲ್ಕು ಪಟ್ಟಾಗುತ್ತದೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆಗೆ ಮುಂಚೆ ಬೀಸುವ ಗಾಳಿ ಹೇಳಿ ಕೇಳಿ ಬರುವುದಿಲ್ಲ. ಅಂಥ ದಿನಗಳಲ್ಲಿ ಕೆಲಸವನ್ನು ಬೆಳಿಗ್ಗೆಯೇ ಮುಗಿಸುವುದು ಲೇಸು.

ತಪ್ಪು ತಿಳಿವಳಿಕೆ ಮತ್ತು ವಾಸ್ತವ

*"ಗಾಡಿಗೆ ರಬ್ಬರ್ ಟೈರಿದೆ, ಶಾಕ್ ಹೊಡೆಯಲ್ಲ."* ತಪ್ಪು. ಕಬ್ಬಿಣದ ಕಾಲು ನೆಲಕ್ಕೂರಿದ ಮೇಲೆ ಟೈರಿನ ಮಾತೇ ಇಲ್ಲ. ಟೈರಿನ ಮೇಲೇ ನಿಂತಿದ್ದರೂ 11 ಸಾವಿರ ವೋಲ್ಟ್ ಮುಂದೆ ಅದನ್ನು ನಂಬುವಂತಿಲ್ಲ.

*"ಬಕೆಟ್ ಫೈಬರಿನದು, ತಂತಿ ತಾಗಿದರೂ ಪರವಾಗಿಲ್ಲ."* ತಪ್ಪು. ಎಲ್ಲ ಬಕೆಟ್ ಟ್ರಕ್‌ಗಳೂ ಇನ್ಸುಲೇಟೆಡ್ ಅಲ್ಲ. ಬೂಮ್ ಲಿಫ್ಟ್‌ಗಳಲ್ಲಿ ಹೆಚ್ಚಿನವು ಉಕ್ಕಿನವೇ. ಇನ್ಸುಲೇಟೆಡ್ ತೋಳು ಕೂಡ ವಿದ್ಯುತ್ ತೋಳಿನ ಮೂಲಕ ನೆಲಕ್ಕೆ ಹರಿಯುವುದನ್ನಷ್ಟೇ ತಡೆಯುತ್ತದೆ. ಒಂದು ಕೈ ತಂತಿಗೂ ಇನ್ನೊಂದು ಕೈ ಕಂಬಕ್ಕೂ ತಾಗಿದರೆ ಅದು ಕಾಪಾಡದು. ಧೂಳು, ತೇವ ಕೂತ ಫೈಬರ್ ತನ್ನ ಗುಣ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಅದಕ್ಕೆ ನಿಯತವಾಗಿ ವಿದ್ಯುತ್ ಪರೀಕ್ಷೆ ಬೇಕು.

*"ಜೆಸಿಬಿ ಬಕೆಟ್‌ನಲ್ಲಿ ನಿಂತರೂ ಆದೀತು."* ಆಗದು. ಅದು ಮಣ್ಣು ಎತ್ತಲು ಮಾಡಿದ್ದು. ಅದಕ್ಕೆ ಕಟಾಂಜನವಿಲ್ಲ, ಬೆಲ್ಟ್ ಸಿಕ್ಕಿಸುವ ಕೊಂಡಿಯಿಲ್ಲ, ತೊಟ್ಟಿಯನ್ನು ಮಟ್ಟವಾಗಿಡುವ ವ್ಯವಸ್ಥೆಯಿಲ್ಲ.

ತಂತಿಯಿಂದ ಎಷ್ಟು ದೂರ?

ಭಾರತದ ನಿಯಮಗಳ ಪ್ರಕಾರ ಕಟ್ಟಡಕ್ಕೂ 11 ಕೆವಿ ತಂತಿಗೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರ ಬೇಕು. ಇದು ಕದಲದ ಕಟ್ಟಡದ ಮಾತು. 3 ಮೀಟರ್ ಉದ್ದದ ಆಂಟೆನಾ ಪೈಪು ಕೈಯಲ್ಲಿ ವಾಲಿದರೆ ಈ ಅಂತರ ಕ್ಷಣದಲ್ಲಿ ಮುಗಿದುಹೋಗುತ್ತದೆ. ಅಮೆರಿಕದ ಸುರಕ್ಷತಾ ನಿಯಮ 50 ಕೆವಿವರೆಗಿನ ತಂತಿಗಳಿಂದ ಸುಮಾರು 3 ಮೀಟರ್ ದೂರ ಇರಲು ಹೇಳುತ್ತದೆ. ಆ ದೂರಕ್ಕೆ ಪೈಪಿನ ಉದ್ದವನ್ನೂ ಸೇರಿಸಿ ಎಣಿಸಿ. ಅಷ್ಟು ಜಾಗವಿಲ್ಲದಿದ್ದರೆ ಯಾವ ಗಾಡಿಯೂ ಪರಿಹಾರವಲ್ಲ. ಹೆಸ್ಕಾಂಗೆ ತಿಳಿಸಿ ಲೈನ್ ಬಂದ್ ಮಾಡಿಸಿದ ಮೇಲೆಯೇ ಕೆಲಸ ಶುರುಮಾಡಬೇಕು.

ಗಾಡಿ ತಂತಿಗೆ ತಾಗಿಬಿಟ್ಟರೆ ಕೆಳಗಿದ್ದವರು ಅದನ್ನು ಮುಟ್ಟಬಾರದು, ದೂರ ಸರಿಯಬೇಕು. ಮೇಲಿದ್ದವರು ಲೈನ್ ಬಂದ್ ಆಗುವವರೆಗೆ ತೊಟ್ಟಿಯಲ್ಲೇ ಇರಬೇಕು. ಕೂಡಲೇ 1912ಕ್ಕೆ ಕರೆ ಮಾಡಿ.

ಬಾಡಿಗೆ ಮಾತಾಡುವ ಮುನ್ನ ಕೇಳಿ

- ತೋಳು ಇನ್ಸುಲೇಟೆಡ್ ಆಗಿದೆಯೇ? ಪರೀಕ್ಷೆಯ ದಾಖಲೆ ಎಲ್ಲಿದೆ?
- ನಮ್ಮ ದೂರಕ್ಕೆ ಎಷ್ಟು ಎತ್ತರ, ಎಷ್ಟು ತೂಕ?
- ಕಾಲಿನಡಿಗೆ ಹಲಗೆ ತರುತ್ತೀರಾ?
- ಆಪರೇಟರ್‌ಗೆ ತರಬೇತಿ ಆಗಿದೆಯೇ? ಕೆಳಗಿನಿಂದ ತುರ್ತಾಗಿ ಇಳಿಸುವುದು ಇನ್ನೊಬ್ಬರಿಗೂ ಗೊತ್ತೇ?
- ಇಡೀ ಮೈಗೆ ಕಟ್ಟುವ ಹಾರ್ನೆಸ್ ಇದೆಯೇ? ಚಕ್ರ ಗುಂಡಿಗಿಳಿದರೆ ಮೇಲಿನ ತೊಟ್ಟಿ ಕವಣೆಯಂತೆ ಎಗರುತ್ತದೆ. ಹಾರ್ನೆಸ್‌ನ ಗಿಡ್ಡ ಹಗ್ಗವನ್ನು ತೊಟ್ಟಿಯ ಕೊಂಡಿಗೇ ಸಿಕ್ಕಿಸಬೇಕು, ಪಕ್ಕದ ಕಂಬಕ್ಕಲ್ಲ.

ಮೆಟ್ಟಿಲಿದ್ದು, ಸುತ್ತ ಪ್ಯಾರಾಪೆಟ್ ಗೋಡೆಯಿರುವ ತಾರಸಿಯ ನಡುವೆ ಆಂಟೆನಾ ಕೂರಿಸಬಹುದಾದರೆ ಎರಡೂ ಗಾಡಿ ಬೇಡ. ಅಂಚಿನಲ್ಲೇ ಬೇಕೆಂಬ ಹಟ ಬಿಟ್ಟರೆ ಎಷ್ಟೋ ಕಡೆ ಬಾಡಿಗೆಯೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ.