ಏಳನೆಯ ತರಗತಿಯಿಂದಾಚೆಗೆ: ನಮ್ಮ ಶಾಲೆಯ ಹೆಣ್ಣುಮಕ್ಕಳು

ಶಾಲೆಯ ಚರಿತ್ರೆಯನ್ನು ಕುರಿತು ಬರೆದುಕೊಡಿ ಎಂದು ಸಂಚಿಕೆಯ ಸಮಿತಿಯವರು ಕೇಳಿದರು. ಕಟ್ಟಡ, ಫಲಿತಾಂಶ, ಮುಖ್ಯೋಪಾಧ್ಯಾಯರ ಸೇವೆ ಇವನ್ನು ಬಲ್ಲವರು ಬರೆಯುತ್ತಾರೆ. ಹಳೆಯ ವಿದ್ಯಾರ್ಥಿಯಾದ ನಾನು ದಾಖಲಾತಿ ವಹಿಗಳನ್ನು ಆರಿಸಿಕೊಂಡೆ. ಗಂಡು ಹೆಣ್ಣು ಕೂಡಿ ಕಲಿತ ಶಾಲೆಯೆಂಬುದು ನಮ್ಮ ಹೆಮ್ಮೆ. ಆ ಹೆಣ್ಣುಮಕ್ಕಳು ಎಷ್ಟು ಕಾಲ ಇಲ್ಲಿ ಉಳಿದರು ಎಂಬುದನ್ನು ವಹಿಯೇ ಹೇಳುತ್ತದೆ.

ಮೈಸೂರಿನಲ್ಲಿ ಹುಡುಗಿಯರಿಗಾಗಿ ಮಹಾರಾಣಿ ಶಾಲೆ 1881ರಲ್ಲಿಯೇ ತೆರೆದಿತ್ತು. ಹಳ್ಳಿಗಾಡಿನಲ್ಲಿ ಬೇರೆ ಬಾಲಿಕಾ ಪ್ರೌಢಶಾಲೆಯನ್ನು ಕಾಯುತ್ತ ಕುಳಿತಿದ್ದರೆ ನಮ್ಮ ಅಕ್ಕತಂಗಿಯರು ಓದುತ್ತಲೇ ಇರಲಿಲ್ಲ. ಸಹಶಿಕ್ಷಣದ ಸರ್ಕಾರಿ ಶಾಲೆಯೇ ಅವರಿಗೆ ಇದ್ದ ದಾರಿ. ಆ ದಾರಿಯಲ್ಲೂ ಒಂದು ಹೊಸಿಲಿತ್ತು. ನಮ್ಮ ರಾಜ್ಯದಲ್ಲಿ ಏಳಕ್ಕೆ ಪ್ರಾಥಮಿಕ ಶಾಲೆ ಮುಗಿದು ಎಂಟಕ್ಕೆ ಪ್ರೌಢಶಾಲೆ ಶುರುವಾಗುತ್ತದೆ. ಊರ ಶಾಲೆ ಬಿಟ್ಟು ಪಕ್ಕದ ಊರಿಗೆ ನಡೆಯಬೇಕಾದದ್ದು ಹುಡುಗಿ ದೊಡ್ಡವಳಾಗುವ ವಯಸ್ಸಿನಲ್ಲಿಯೇ.

ವಹಿಯಲ್ಲಿ ಜನ್ಮದಿನಾಂಕದ ಕಲಂ ನೋಡಿದರೆ ಜೂನ್ 1 ಎಂದು ಮತ್ತೆ ಮತ್ತೆ ಸಿಗುತ್ತದೆ. ಹುಟ್ಟಿದ ದಿನ ತಿಳಿಯದ ಮಕ್ಕಳಿಗೆ ಶಾಲೆ ಶುರುವಾಗುವ ದಿನವೇ ಹುಟ್ಟುಹಬ್ಬವಾಗಿತ್ತು. 'ಶಾಲೆ ಬಿಟ್ಟ ಕಾರಣ' ಎಂಬ ಕಲಂನಲ್ಲಿ ಹುಡುಗಿಯರ ಹೆಸರಿನ ಮುಂದೆ ಇರುವುದು 'ಮನೆಗೆಲಸ', 'ಮದುವೆ', 'ಪೋಷಕರ ಇಚ್ಛೆ'. ನಮ್ಮ ಶಾಲೆ ಆರಂಭವಾದಾಗ ಕಾನೂನಿನ ಪ್ರಕಾರ ಹೆಣ್ಣಿನ ವಿವಾಹದ ಕನಿಷ್ಠ ವಯಸ್ಸು 15, ಅಂದರೆ ಹತ್ತನೆಯ ತರಗತಿಯ ವಯಸ್ಸು! 1978ರ ತಿದ್ದುಪಡಿ ಅದನ್ನು 18ಕ್ಕೆ ಏರಿಸಿತು. ಕಾನೂನು ಬದಲಾದಷ್ಟು ಬೇಗ ಊರು ಬದಲಾಗಲಿಲ್ಲ. 'ಮದುವೆ' ಎಂಬ ಪದ ಆಮೇಲೂ ಹಲವು ವರ್ಷ ವಹಿಯಲ್ಲಿ ಉಳಿಯಿತು.

ಬದಲಾವಣೆ ಬಂದದ್ದು ಉಪದೇಶದಿಂದಲ್ಲ, ಸಣ್ಣ ಸಣ್ಣ ಅನುಕೂಲಗಳಿಂದ. ಬಸ್ಸು ಬಂತು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯವಾಯಿತು. ಶಿಕ್ಷಕಿಯರು ಬಂದರು. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಬಿಸಿಯೂಟವೂ ಪ್ರೌಢಶಾಲೆಯವರೆಗೆ ಬಂತು. ಜನಗಣತಿಯ ಪ್ರಕಾರ ರಾಜ್ಯದ ಮಹಿಳಾ ಸಾಕ್ಷರತೆ 1991ರಲ್ಲಿ ಶೇ. 44.34 ಇದ್ದದ್ದು 2011ರಲ್ಲಿ ಶೇ. 68.08 ಆಯಿತು. ಆ ಏರಿಕೆಯಲ್ಲಿ ಇಂಥ ಹಳ್ಳಿಯ ಶಾಲೆಗಳ ಪಾಲು ದೊಡ್ಡದು. ಇಂದು ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಹುಡುಗಿಯರ ಸಾಲು ಹುಡುಗರದಕ್ಕಿಂತ ಮೊಟಕಾಗಿಲ್ಲ.

ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಎಸ್.ಎಸ್.ಎಲ್.ಸಿ. ಮುಗಿಸಿದವರಿಂದ ತಯಾರಿಸುವುದು ವಾಡಿಕೆ. ಎಂಟು, ಒಂಬತ್ತರಲ್ಲೇ ಬಿಟ್ಟವರು ಅದರಲ್ಲಿ ಸೇರುವುದಿಲ್ಲ. ಆದರೆ ತಾವು ಓದಲಾಗದಿದ್ದರೂ ಮಗಳನ್ನು, ಮೊಮ್ಮಗಳನ್ನು ಹಟ ಹಿಡಿದು ಇದೇ ಶಾಲೆಗೆ ಕಳಿಸಿದವರು ಅವರೇ. ಮಹೋತ್ಸವ ಸಮಿತಿಯವರಲ್ಲಿ ನನ್ನದೊಂದು ವಿನಂತಿ: ಆಮಂತ್ರಣ ಪತ್ರಿಕೆಯನ್ನು ದಾಖಲಾತಿ ವಹಿ ನೋಡಿ ಕಳಿಸಿರಿ, ಅಂಕಪಟ್ಟಿ ನೋಡಿ ಅಲ್ಲ. ಒಂದು ದಿನ ಕಲಿತವರಿಗೂ ಇದು ಅವರ ಶಾಲೆಯೇ.