ಕಾಶ್ಮೀರಕ್ಕೆ ಹಿಮ, ಮಸ್ಕಿಗೆ ಥಂಡಿ: ಸಿಂಧನೂರು–ಲಿಂಗಸುಗೂರು ಸೀಮೆಯ ಹಿಂಗಾರಿ ಗಾಳಿ

ರಾಯಚೂರು ಜಿಲ್ಲೆ ಸುದ್ದಿಗೆ ಬರುವುದು ಹೆಚ್ಚಾಗಿ ಬಿಸಿಲಿನಿಂದ. ಕರ್ನಾಟಕದಲ್ಲಿ ದಾಖಲಾದ ಅತಿ ಹೆಚ್ಚಿನ ತಾಪಮಾನ 45.6 ಡಿಗ್ರಿ ಸೆಲ್ಸಿಯಸ್. 1928ರ ಮೇ 23ರಂದು ರಾಯಚೂರಿನಲ್ಲೇ ಅಳೆದದ್ದು. ರಾಜ್ಯದ ಅತಿ ಕಡಿಮೆ ತಾಪಮಾನವೂ ದೂರದ್ದಲ್ಲ. 1918ರ ಡಿಸೆಂಬರ್ 16ರಂದು ಬೀದರಿನಲ್ಲಿ 2.8 ಡಿಗ್ರಿ. ಬಿಸಿಲಿಗೂ ಚಳಿಗೂ ಕಲ್ಯಾಣ ಕರ್ನಾಟಕವೇ ದಾಖಲೆ ಬರೆದಿದೆ, ಆದರೆ ಅದರ ಚಳಿಯ ಬಗ್ಗೆ ಬರೆದವರು ಕಡಿಮೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಹಿಮ ಬೀಳುವುದಿಲ್ಲ. ಇಲ್ಲಿನ ಗುಡ್ಡಗಳು ಅಷ್ಟು ಎತ್ತರದವಲ್ಲ, ರಾಜ್ಯದ ಅತಿ ಎತ್ತರದ ಗುಡ್ಡದಷ್ಟಿದ್ದರೂ ಬೀಳುತ್ತಿರಲಿಲ್ಲ. ಗಾಳಿ ಘನೀಭವನದ ಬಿಂದುವಿಗೆ ತಣ್ಣಗಾಗುವ ಮಟ್ಟ ಉಷ್ಣವಲಯದಲ್ಲಿ ಸಮುದ್ರಮಟ್ಟದಿಂದ ಸುಮಾರು 5 ಕಿಲೋಮೀಟರ್ ಮೇಲಿರುತ್ತದೆ, ನಮ್ಮ ಮುಳ್ಳಯ್ಯನಗಿರಿ ಎರಡು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಆದರೂ ಅಕ್ಟೋಬರ್ ಕೊನೆಯಿಂದ ಈ ಕಡೆ ಬೀಸುವ ಥಂಡಿ ಗಾಳಿಗೂ ಹಿಮಾಲಯದ ಹಿಮಪಾತಕ್ಕೂ ನಂಟಿದೆ. ಈ ಸೀಮೆಗೆ ಬರುವ ಚಳಿ ಎರಡು ಬಗೆಯದು. ಒಂದು ಉತ್ತರದಿಂದ ಇಳಿದು ಬಂದ ಒಣ ಚಳಿ, ತಿಳಿ ಆಕಾಶದ್ದು. ಇನ್ನೊಂದು ಬಂಗಾಳ ಕೊಲ್ಲಿಯಿಂದ ಬಂದ ಮೋಡದ ಥಂಡಿ. ಮೈಗೆ ಎರಡೂ ಚಳಿಯೇ. ಹೊಲಕ್ಕೆ ಮಾತ್ರ ಒಂದು ಬೇಕು, ಇನ್ನೊಂದು ಬೇಡ.

ಶೀತ ವಾಯುಮುಖ ಹೇಗೆ ಕೆಲಸ ಮಾಡುತ್ತದೆ

ತಣ್ಣನೆಯ ಗಾಳಿ ಭಾರ, ಬೆಚ್ಚನೆಯ ಗಾಳಿ ಹಗುರ. ಎರಡು ದೊಡ್ಡ ವಾಯುರಾಶಿಗಳು ಎದುರಾದಾಗ ತಣ್ಣನೆಯದು ನೆಲಕ್ಕಂಟಿಕೊಂಡು ಬೆಚ್ಚನೆಯದರ ಅಡಿಗೆ ನುಗ್ಗಿ ಅದನ್ನು ಮೇಲಕ್ಕೆತ್ತುತ್ತದೆ. ಇವೆರಡರ ನಡುವಿನ ಗಡಿಯೇ ಶೀತ ವಾಯುಮುಖ. ಮೊದಲ ಮಹಾಯುದ್ಧದ ಹೊತ್ತಿಗೆ ನಾರ್ವೆಯ ಬರ್ಗೆನ್ ನಗರದಲ್ಲಿ ವಿಲ್ಹೆಲ್ಮ್ ಬ್ಯರ್ಕ್ನೆಸ್ ಮತ್ತು ಅವರ ಸಂಗಡಿಗರು ಇದನ್ನು ವಿವರಿಸಿದರು. ವಾಯುಮುಖ ಸಮೀಪಿಸುವಾಗ ವಾಯುಭಾರ ಇಳಿಯುತ್ತದೆ, ಮೋಡ ಕಟ್ಟುತ್ತದೆ. ಅದು ದಾಟಿದ ಕೂಡಲೇ ಗಾಳಿಯ ದಿಕ್ಕು ಬದಲಾಗಿ, ವಾಯುಭಾರ ಏರಿ, ತಾಪಮಾನ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ.

ಉತ್ತರ ಅಮೆರಿಕದಲ್ಲಿ ಈ ಬಗೆಯ ಚಳಿ ಕೆನಡಾದಿಂದ ಹೊರಟು ಮೆಕ್ಸಿಕೊ ಕೊಲ್ಲಿಯವರೆಗೆ ಧಾವಿಸುತ್ತದೆ. ಅಲ್ಲಿನ ರಾಕಿ ಪರ್ವತಗಳು ಉತ್ತರ–ದಕ್ಷಿಣವಾಗಿ ನಿಂತಿರುವುದರಿಂದ ಅದನ್ನು ತಡೆಯುವವರಿಲ್ಲ. ನಮ್ಮ ಹಿಮಾಲಯ ಪೂರ್ವ–ಪಶ್ಚಿಮವಾಗಿ ಅಡ್ಡ ಮಲಗಿದೆ, ಸೈಬೀರಿಯದ ಚಳಿ ನೇರವಾಗಿ ದಾಟಿ ಬರಲಾರದು. ಇಲ್ಲಿಗೆ ಚಳಿ ಬರುವುದು ವಾಯವ್ಯದ ಬಾಗಿಲಿನಿಂದ.

ವಾಯವ್ಯದಿಂದ ಬರುವ ಪ್ರಕ್ಷುಬ್ಧತೆ

ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುವ ಪಶ್ಚಿಮದ ಪ್ರಕ್ಷುಬ್ಧತೆಗಳು ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಮೇಲಿನ ವಾಯುಮಂಡಲದ ಪಡುವಣ ಗಾಳಿಯನ್ನೇರಿ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಕಾಶ್ಮೀರಕ್ಕೆ ತಲುಪುತ್ತವೆ. ಚಳಿಗಾಲದಲ್ಲಿ ತಿಂಗಳಿಗೆ ನಾಲ್ಕಾರು ಬರುವುದುಂಟು. ಬೆಟ್ಟಕ್ಕೆ ಬಡಿದು ಮೇಲೇರಿದ ತೇವ, ಎತ್ತರದಲ್ಲಿ ಹಿಮವಾಗಿಯೂ ತಪ್ಪಲಲ್ಲಿ ಮಳೆಯಾಗಿಯೂ ಸುರಿಯುತ್ತದೆ.

ಇವು ಡಿಸೆಂಬರಿಗೇ ಬರಬೇಕೆಂಬ ನಿಯಮವಿಲ್ಲ. 2018ರ ನವೆಂಬರ್ 3ರಂದು, 2019ರ ನವೆಂಬರ್ ಮೊದಲ ವಾರದಲ್ಲಿ, 2021ರ ಅಕ್ಟೋಬರ್ 23ರಂದು ಕಾಶ್ಮೀರ ಕಣಿವೆಯಲ್ಲಿ ಅಕಾಲದ ಹಿಮ ಬಿದ್ದು, ಎಲೆ ಉದುರದ ಸೇಬಿನ ಮರಗಳು ಭಾರ ತಾಳದೆ ಮುರಿದವು. ಶ್ರೀನಗರ–ಜಮ್ಮು ಹೆದ್ದಾರಿ ಮುಚ್ಚಿದರೆ ಹಣ್ಣಿನ ಲಾರಿಗಳು ಅಲ್ಲೇ ನಿಲ್ಲುತ್ತವೆ. ದಕ್ಷಿಣದ ಸಂತೆಗಳಿಗೆ ಆ ಹಿಮ ಮೊದಲು ತಾಗುವುದು ಸೇಬಿನ ದರದ ರೂಪದಲ್ಲಿ. ಗಾಳಿ ಬರುವುದು ಆಮೇಲೆ.

ಎರಡು ಸಾವಿರ ಕಿಲೋಮೀಟರ್ ದಾರಿ

ಶ್ರೀನಗರದಿಂದ ಮಸ್ಕಿಗೆ ನೇರ ಗೆರೆ ಎಳೆದರೆ ಸುಮಾರು 2,000 ಕಿಲೋಮೀಟರ್. ಪ್ರಕ್ಷುಬ್ಧತೆ ಪೂರ್ವಕ್ಕೆ ಸರಿದ ಮೇಲೆ ಅದರ ಬೆನ್ನಿಗೆ ತಣ್ಣನೆಯ ಒಣ ಗಾಳಿ ಪಂಜಾಬ್, ರಾಜಸ್ಥಾನಗಳ ಬಯಲಿಗೆ ಇಳಿಯುತ್ತದೆ. ಜೋರಿದ್ದರೆ ವಿಂಧ್ಯ, ಸಾತ್ಪುರಗಳನ್ನೂ ದಾಟಿ ವಿದರ್ಭ, ಮರಾಠವಾಡ, ತೆಲಂಗಾಣಗಳ ಮೂಲಕ ನಮ್ಮ ಕಡೆ ಹರಿಯುತ್ತದೆ. ದಾರಿಯುದ್ದಕ್ಕೂ ಹಗಲಿನ ನೆಲ ಅದನ್ನು ಕಾಯಿಸುವುದರಿಂದ, ಇಲ್ಲಿಗೆ ಬರುವ ಹೊತ್ತಿಗೆ ವಾಯುಮುಖದ ಚೂಪು ಉಳಿದಿರುವುದಿಲ್ಲ. ಇಂಥ ಗಂಟೆಗೇ ಚಳಿ ಬಂತು ಎಂದು ಯಾರೂ ಹೇಳಲಾರರು. ಉಳಿಯುವುದು ಅದರ ಒಣತನ, ಮತ್ತು ಮಧ್ಯಭಾರತದ ಮೇಲೆ ನೆಲೆಸುವ ಅಧಿಕ ವಾಯುಭಾರ. ನಮ್ಮ ಗೋಳಾರ್ಧದಲ್ಲಿ ಅಧಿಕ ಭಾರದ ಸುತ್ತ ಗಾಳಿ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಾಗಾಗಿ ಅದರ ದಕ್ಷಿಣ ಅಂಚಿನಲ್ಲಿರುವ ರಾಯಚೂರಿಗೆ ಉತ್ತರದ ಗಾಳಿ ಈಶಾನ್ಯದಿಂದ, ಕೆಲವೊಮ್ಮೆ ನೇರ ಮೂಡಣದಿಂದ ಬೀಸುತ್ತದೆ.

ಉಳಿದ ಕೆಲಸ ರಾತ್ರಿಯದು. ಡಿಸೆಂಬರಿನಲ್ಲಿ ಇಲ್ಲಿನ ರಾತ್ರಿ ಹದಿಮೂರು ಗಂಟೆಗೆ ಹತ್ತಿರ. ಮೋಡವಿಲ್ಲ, ಗಾಳಿಯಲ್ಲಿ ತೇವವಿಲ್ಲ. ನೆಲ ಹಗಲು ಕುಡಿದ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನಸುಕಿನ ಐದು–ಆರರ ಚಳಿಯಲ್ಲಿ ಕಾಶ್ಮೀರದ ಪಾಲಿಗಿಂತ ಈ ಕಾವು ಸೋರುವಿಕೆಯ ಪಾಲೇ ದೊಡ್ಡದು. ಉತ್ತರದ ಗಾಳಿ ಮಾಡಿದ್ದು ಆಕಾಶವನ್ನು ತೊಳೆದು ತಿಳಿಯಾಗಿಸಿದ್ದು, ಅಷ್ಟೆ. ಮಧ್ಯಾಹ್ನ ಅದೇ ತಿಳಿ ಆಕಾಶದಿಂದ ಬಿಸಿಲು ಚುರುಗುಟ್ಟುತ್ತದೆ. ಬೆಳಗ್ಗೆ ಕೌದಿ, ಮಧ್ಯಾಹ್ನ ಬೇವಿನ ನೆರಳು ಬೇಕಾಗುವುದು ಇದರಿಂದಲೇ.

ಮೂರು ತಾಲ್ಲೂಕು, ಮೂರು ಬಗೆಯ ಬೆಳಗು

ಕೃಷ್ಣಾ–ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ ಚಳಿ ಎಲ್ಲ ಕಡೆ ಒಂದೇ ಸಮನಲ್ಲ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ನೀರು ನಿಂತ ಗದ್ದೆ ಬೇಗ ಆರುವುದಿಲ್ಲ, ಹಾಗಾಗಿ ಅಲ್ಲಿ ಚಳಿಯ ಮೊನೆ ಸ್ವಲ್ಪ ಮೊಂಡು. ಬದಲಿಗೆ ಇಬ್ಬನಿ, ಮಂಜು ಹೆಚ್ಚು. ಲಿಂಗಸುಗೂರಿನಲ್ಲಿ ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟಿದ ಹೊಲವೂ ಇದೆ, ಮುಟ್ಟದ ಎರೆಯೂ ಇದೆ, ಹಟ್ಟಿ ಚಿನ್ನದ ಗಣಿಯ ಕಡೆಯ ಕಲ್ಲುನೆಲವೂ ಇದೆ. ಮೊದಲು ಲಿಂಗಸುಗೂರಿಗೆ ಸೇರಿದ್ದು ಈಗ ಬೇರೆ ತಾಲ್ಲೂಕಾಗಿರುವ ಮಸ್ಕಿ ಹೆಚ್ಚಾಗಿ ಮಳೆಯಾಶ್ರಿತ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಇಲ್ಲಿನ ರೈತರು ಧರಣಿ ಕೂತದ್ದು ಸುಮ್ಮನೆ ಅಲ್ಲ. ಒಣ ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. 1915ರಲ್ಲಿ ಅಶೋಕನ ಹೆಸರಿರುವ ಶಾಸನ ಬೆಳಕಿಗೆ ಬಂದ ಆ ಕಲ್ಲುಗುಡ್ಡಗಳ ಮಗ್ಗುಲಲ್ಲಿ ರಾತ್ರಿ ತಣ್ಣಗಾದ ಭಾರದ ಗಾಳಿ ಇಳಿಜಾರಿನಲ್ಲಿ ಜಾರಿ ತಗ್ಗಿನ ಹೊಲಗಳಲ್ಲಿ ಕೂರುತ್ತದೆ. ಗುಡ್ಡದ ಮೇಲಿಗಿಂತ ಹಳ್ಳದ ದಂಡೆಯಲ್ಲಿ ಚಳಿ ಹೆಚ್ಚೆಂದು ಕುರಿ ಕಾಯುವವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕೊಲ್ಲಿಯಿಂದ ಬರುವ ಮೋಡದ ಥಂಡಿ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ನೈರುತ್ಯ ಮುಂಗಾರು ದೇಶದಿಂದ ಪೂರ್ತಿ ಹಿಂದೆ ಸರಿಯುವುದು ಅಕ್ಟೋಬರ್ 15ರ ಸುಮಾರಿಗೆ. ರೈತರ ಲೆಕ್ಕ ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಮಳೆಗಳದು. ಜಿಲ್ಲೆಗೆ ವರ್ಷಕ್ಕೆ ಬೀಳುವ ಸುಮಾರು 600 ಮಿಲಿಮೀಟರಿನಲ್ಲಿ ಸೆಪ್ಟೆಂಬರಿನ ಪಾಲೇ ದೊಡ್ಡದು. ಅಲ್ಲಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಹುಟ್ಟುತ್ತಿರುತ್ತವೆ. 2023ರ ಡಿಸೆಂಬರ್ 5ರಂದು ಬಾಪಟ್ಲ ಬಳಿ ದಡ ಸೇರಿದ ಮಿಚಾಂಗ್ ಚಂಡಮಾರುತ ಅಂಥದ್ದೊಂದು. ಇಂಥವು ಆಂಧ್ರದ ಕರಾವಳಿಗೆ ಬಂದಾಗ ಇಲ್ಲಿ ಮಳೆ ಸುರಿಯದಿದ್ದರೂ ಎರಡು ಮೂರು ದಿನ ಮೋಡ ಕವಿದು ಕುಳಿರು ಗಾಳಿ ಬೀಸುವುದುಂಟು.

ಆ ದಿನಗಳಲ್ಲಿ ಜನ ಇಡೀ ಹಗಲು ಸ್ವೆಟರ್ ತೊಟ್ಟಿರುತ್ತಾರೆ. ತಾಪಮಾಪಕ ಬೇರೆಯೇ ಹೇಳುತ್ತದೆ. ಮೋಡದ ಹೊದಿಕೆಯಡಿ ರಾತ್ರಿಯ ಕನಿಷ್ಠ ತಾಪಮಾನ ಏರಿರುತ್ತದೆ. ಇಳಿದಿರುವುದು ಹಗಲಿನ ಗರಿಷ್ಠ. ಥಂಡಿ ಎನಿಸುವುದು ಬಿಸಿಲಿಲ್ಲದ್ದಕ್ಕೆ ಮತ್ತು ಹಸಿಗಾಳಿಗೆ.

ಈ ದಿಕ್ಕಿನಿಂದ ಬಂದ ದೊಡ್ಡ ಪೆಟ್ಟು 2009ರದು. ಆ ವರ್ಷ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 2ರವರೆಗೆ ಕೊಲ್ಲಿಯ ವಾಯುಭಾರ ಕುಸಿತ ಉತ್ತರ ಕರ್ನಾಟಕದ ಮೇಲೆ ಸುರಿಸಿದ ಮಳೆಗೆ ಕೃಷ್ಣೆ, ತುಂಗಭದ್ರೆ, ಹಳ್ಳಕೊಳ್ಳಗಳು ಒಟ್ಟಿಗೇ ಉಕ್ಕಿದವು. ಮಂತ್ರಾಲಯದ ಮಠಕ್ಕೆ ನೀರು ನುಗ್ಗಿತು, ಕರ್ನೂಲು ಮುಳುಗಿತು, ರಾಯಚೂರು ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಕುಸಿದವು. ಆಮೇಲೆ ಸರ್ಕಾರ ಕಟ್ಟಿಸಿದ ಆಸರೆ ಮನೆಗಳು ಈಗಲೂ ಆ ಹೆಸರಿನಿಂದಲೇ ಗುರುತಾಗುತ್ತವೆ.

ಹೊಲದ ಲೆಕ್ಕ

ಬಿಳಿಜೋಳ ಒಣ ಚಳಿಯ ಬೆಳೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬಿತ್ತಿದ ಮಾಲದಂಡಿ ಜೋಳಕ್ಕೆ ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರೆಭೂಮಿ ಆಳದಲ್ಲಿ ಹಿಡಿದಿಟ್ಟ ಹಸಿಯೇ ಅದಕ್ಕೆ ಆಧಾರ. ತಂಪಿದ್ದಷ್ಟೂ ನೆಲದಿಂದಲೂ ಎಲೆಯಿಂದಲೂ ನೀರು ಹಾರುವುದು ಕಡಿಮೆ, ಆ ಹಸಿ ಅಷ್ಟು ದಿನ ಬಾಳುತ್ತದೆ. ನವೆಂಬರಿನಲ್ಲಿ ಚಳಿ ಬಾರದ ವರ್ಷ ಕಾಳು ಕಟ್ಟುವ ಮೊದಲೇ ನೆಲ ಬಿರಿದು ಬೇರು ಹರಿಯುತ್ತದೆ. ಇಬ್ಬನಿ ಕುಡಿದೇ ಜೋಳ ಬೆಳೆಯುತ್ತದೆ ಎಂದು ಹಿರಿಯರು ಹೇಳುವುದುಂಟು. ಇಬ್ಬನಿಯ ನೀರು ಅಳತೆಗೆ ತೀರ ಸ್ವಲ್ಪ. ಆದರೆ ಬೆಳಗಿನ ಒಂದೆರಡು ಗಂಟೆ ಎಲೆಯನ್ನು ಒದ್ದೆಯಾಗಿಟ್ಟು ಗಿಡದ ನೀರು ಉಳಿಸುತ್ತದೆ ಎಂಬಷ್ಟರ ಮಟ್ಟಿಗೆ ಆ ಮಾತು ನಿಜವೇ.

ಕಡಲೆಯದೂ ಇದೇ ದಾರಿ. ಈ ಕಡೆ ಹೆಸರಾದ ಜೆಜಿ-11 ತಳಿ ನೂರು ದಿನದೊಳಗೆ ಕೈಗೆ ಬರುವುದರಿಂದ ಫೆಬ್ರವರಿಯ ಬಿಸಿಲು ಏರುವ ಮೊದಲು ತಪ್ಪಿಸಿಕೊಳ್ಳುತ್ತದೆ. ಚಳಿ ದಿನಗಳಲ್ಲಿ ಕಡಲೆ ಗಿಡದ ಮೇಲೆ ಕೈಯಾಡಿಸಿ ಬೆರಳು ನೆಕ್ಕಿದರೆ ಹುಳಿ. ಎಲೆಯ ರೋಮಗಳು ಸ್ರವಿಸುವ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳು ಇಬ್ಬನಿಯಲ್ಲಿ ಕರಗಿರುತ್ತವೆ. ರಾತ್ರಿ ಗಿಡಗಳ ಮೇಲೆ ತೆಳುಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ಆ ಹುಳಿನೀರನ್ನು ಹೊಟ್ಟೆನೋವಿನ ಮದ್ದಿಗೆ ಕೂಡಿಡುವ ಪದ್ಧತಿ ಹಳೆಯದು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲು ಹೋದಾಗ ಸಿಗುವ ಹಸಿ ಕಡಲೆಯ ಸುಲಗಾಯಿ, ಆಮೇಲೆ ಸುಟ್ಟು ತಿಕ್ಕಿ ತಿನ್ನುವ ಎಳೆ ಜೋಳದ ಸೀತನಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಲ್ಲವೂ ಈ ಚಳಿಯ ಊಟವೇ.

ಮೋಡದ ಥಂಡಿ ಬಂದರೆ ಲೆಕ್ಕ ತಿರುಗುಮುರುಗು. ತೊಗರಿ ಹೂ ಉದುರಿಸುತ್ತದೆ, ಕಾಯಿಕೊರಕ ಏರುತ್ತದೆ. ಅರಳಿದ ಹತ್ತಿ ನೆನೆದು ಕಪ್ಪಾಗುತ್ತದೆ. ಎಲೆ ಹೊತ್ತುಗಟ್ಟಲೆ ಒದ್ದೆಯಿದ್ದು ರಾತ್ರಿ ತಂಪಾಗಿದ್ದರೆ ಭತ್ತಕ್ಕೆ ಬೆಂಕಿ ರೋಗ. ಎಲ್ಲಕ್ಕಿಂತ ಹೆಚ್ಚು ಆತಂಕ ಸಿಂಧನೂರಿನ ಕೊಯ್ಲಿನದು. ನವೆಂಬರ್–ಡಿಸೆಂಬರಿನಲ್ಲಿ ತೆನೆ ಭಾರಕ್ಕೆ ಬಾಗಿದ ಭತ್ತ ಒಂದೇ ಗಾಳಿಮಳೆಗೆ ನೆಲಕ್ಕೊರಗುತ್ತದೆ, ಕಟಾವು ಯಂತ್ರ ಗದ್ದೆಗಿಳಿಯದೆ ನಿಲ್ಲುತ್ತದೆ. ಕೊಯ್ದದ್ದು ರಸ್ತೆಯ ಬದಿ ರಾಶಿಯಾಗಿ ತಾಡಪತ್ರಿಯಡಿ ಮುಗ್ಗುತ್ತದೆ. ಸರ್ಕಾರಿ ಖರೀದಿಗೆ ತೇವಾಂಶ ಶೇ. 17ನ್ನು ಮೀರುವಂತಿಲ್ಲ, ಮೋಡದ ದಿನಗಳಲ್ಲಿ ಅಷ್ಟಕ್ಕೆ ಒಣಗಿಸುವುದೆಂದರೆ ಸೂರ್ಯನಿಗೆ ಕಾಯುವುದೊಂದೇ. ವ್ಯಾಪಾರಿಗಳಿಗೂ ಇದು ಗೊತ್ತು, ದರ ಅಂದೇ ಇಳಿಯುತ್ತದೆ.

ಒಣ ಚಳಿಯೂ ಎಲ್ಲರಿಗೂ ಒಳ್ಳೆಯದಲ್ಲ. ನೀರಾವರಿ ಸಲಹಾ ಸಮಿತಿ ತುಂಗಭದ್ರೆಯಿಂದ ಎರಡನೇ ಬೆಳೆಗೆ ನೀರು ಬಿಡಲು ಒಪ್ಪಿದ ವರ್ಷಗಳಲ್ಲಿ ಭತ್ತದ ಸಸಿಮಡಿ ಏಳುವುದು ಸರಿಯಾಗಿ ಈ ಚಳಿಯಲ್ಲೇ. ನೆನೆಸಿದ ಬೀಜ ಮೊಳಕೆ ಒಡೆಯಲು ತಡಮಾಡುತ್ತದೆ, ಸಸಿ ಹಳದಿಯಾಗಿ ಕುಳ್ಳಗೆ ಉಳಿಯುತ್ತದೆ. ರಾತ್ರಿ ಮಡಿಗೆ ನೀರು ನಿಲ್ಲಿಸಿ ಬೆಳಗ್ಗೆ ಆ ತಣ್ಣೀರನ್ನು ಬಸಿದುಬಿಡುವುದು ರೂಢಿಯ ಉಪಾಯ, ಕೆಲಸವೂ ಮಾಡುತ್ತದೆ. ಕುರಿಗಾರರಿಗೆ ಈ ತಿಂಗಳುಗಳ ಭಯ ನೀಲಿ ನಾಲಿಗೆ ರೋಗ. ಅದನ್ನು ಹರಡುವುದು ಮಳೆಯ ನಂತರ ಹೆಚ್ಚುವ ಸಣ್ಣ ನೊಣ, ಚಳಿಯಲ್ಲ. ಬಯಲಲ್ಲಿ ಮಲಗುವ ಮರಿಗಳ ಪ್ರಾಣಕ್ಕೆ ಚಳಿ ಕೈಜೋಡಿಸುತ್ತದೆ.

ಶೀತ ಅಲೆ ಎಂಬ ಅಳತೆ

ಪತ್ರಿಕೆಯಲ್ಲಿ ಶೀತ ಅಲೆ ಎಂದು ಬರೆಯಲು ಹವಾಮಾನ ಇಲಾಖೆಗೆ ಅಳತೆಯಿದೆ. ಬಯಲು ಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು. ಜೊತೆಗೆ ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಕುಸಿದಿದ್ದರೆ ಶೀತ ಅಲೆ, ಅದಕ್ಕೂ ಹೆಚ್ಚು ಕುಸಿದಿದ್ದರೆ ತೀವ್ರ ಶೀತ ಅಲೆ. ರಾಯಚೂರಿನಲ್ಲಿ ಡಿಸೆಂಬರಿನ ವಾಡಿಕೆಯ ಕನಿಷ್ಠ 17 ಡಿಗ್ರಿಯ ಆಸುಪಾಸು. ಅಲ್ಲಿಂದ ಹತ್ತಕ್ಕೆ ಇಳಿದರೆ ಕುಸಿತ ಏಳು ಡಿಗ್ರಿ. ಅಂದರೆ ಈ ಸೀಮೆ ಸಾದಾ ಶೀತ ಅಲೆಯನ್ನು ದಾಟಿ ನೇರ ತೀವ್ರಕ್ಕೇ ಹೋಗಬೇಕಾಗುತ್ತದೆ. ಉತ್ತರದ ಬಯಲಿಗೆ ಹೊಂದುವ ಅಳತೆಪಟ್ಟಿ ಇದು. ಹನ್ನೆರಡು ಡಿಗ್ರಿಯ ನಸುಕಿನಲ್ಲಿ ಹತ್ತಿ ಬಿಡಿಸಲು ಹೊರಟ ಕೂಲಿಯವರ ಚಳಿ ಈ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಅಳೆಯುವ ಉಪಕರಣ ನೆಲದಿಂದ ನಾಲ್ಕು ಅಡಿ ಮೇಲೆ, ಬಿಳಿ ಪೆಟ್ಟಿಗೆಯೊಳಗೆ ಇರುತ್ತದೆ. ತಿಳಿ ರಾತ್ರಿಯಲ್ಲಿ ನೆಲಮಟ್ಟದ ಗಾಳಿ ಅದಕ್ಕಿಂತ ಇನ್ನೂ ಕೆಲವು ಡಿಗ್ರಿ ತಣ್ಣಗಿರುವುದು ಸಾಮಾನ್ಯ. ನೆಲದ ಮೇಲೆ ಮಲಗುವವರ ಚಳಿ ಅದು. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗುವುದು ಮಾತ್ರ ಚಳಿಗಿಂತ ಅಪಾಯ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಹಿಮವಲ್ಲದ ಬಿಳಿ

ಈ ಮೂರು ತಾಲ್ಲೂಕುಗಳಲ್ಲಿ ಆಕಾಶದಿಂದ ಬೀಳಬಹುದಾದ ಮಂಜುಗಡ್ಡೆ ಒಂದೇ, ಆಣೆಕಲ್ಲು. ಅದು ಚಳಿಗಾಲದ್ದಲ್ಲ. ನೆಲ ಕಾಯತೊಡಗಿದ ಮೇಲೆ ಎತ್ತರಕ್ಕೆ ಚಿಮ್ಮುವ ಗುಡುಗುಮೋಡದೊಳಗೆ, ಆ ಐದು ಕಿಲೋಮೀಟರಿನ ಘನೀಭವನ ಮಟ್ಟದ ಮೇಲೆ ಹೆಪ್ಪುಗಟ್ಟಿ, ಕರಗುವಷ್ಟು ಹೊತ್ತು ಸಿಗದೆ ನೆಲಕ್ಕೆ ಬಡಿಯುತ್ತದೆ. ಪಡುವಣದ ಪ್ರಕ್ಷುಬ್ಧತೆ ದಕ್ಷಿಣಕ್ಕೆ ಆಳವಾಗಿ ಇಳಿದು, ಕೊಲ್ಲಿಯ ತೇವದೊಂದಿಗೆ ಸೇರಿದರೆ ಹಾನಿ ದೊಡ್ಡದು. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದ ಕೆಲ ಭಾಗಗಳಲ್ಲೂ ಹಾಗಾಗಿ, ರಾಶಿಗೆ ಸಿದ್ಧವಾಗಿದ್ದ ಜೋಳ, ಕಡಲೆ, ದ್ರಾಕ್ಷಿ, ದಾಳಿಂಬೆ ನೆಲಸಮವಾದವು. ಆಣೆಕಲ್ಲಿನ ಮುನ್ಸೂಚನೆ ಇಂದಿಗೂ ಕೆಲವು ಗಂಟೆಗಳಿಗಿಂತ ಮುಂಚೆ ಖಚಿತವಾಗುವುದು ಕಷ್ಟ. ಚಳಿಯ ಅಲೆಯನ್ನಾದರೋ ನಾಲ್ಕೈದು ದಿನ ಮೊದಲೇ ಹೇಳಬಹುದು. ಜಿಲ್ಲಾವಾರು ಹಳದಿ, ಕಿತ್ತಳೆ ಎಚ್ಚರಿಕೆಗಳನ್ನು ಹವಾಮಾನ ಇಲಾಖೆಯ ಬೆಂಗಳೂರು ಕೇಂದ್ರವೂ, ಹೋಬಳಿ ಮಟ್ಟದ ಅಳತೆಗಳನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಕೊಡುತ್ತವೆ.